ಮೊದಲಿನಂತೆ ಕಟ್ಟೋದಾ, ಗಾಯ ಉಳಿಸೋದಾ?

ಯುದ್ಧದಲ್ಲಿ ಹಾಳಾದ ಹಳೇ ಕಟ್ಟಡವನ್ನು ಏನು ಮಾಡೋದು ಅಂತ ತಲೆ ಕೆಡಿಸಿಕೊಂಡಿದ್ದರೆ ಜರ್ಮನಿಯ ಈ ಎರಡನ್ನು ನೋಡಿ.

ಡ್ರೆಸ್ಡನ್‌ನ ಫ್ರೌವನ್‌ಕಿರ್ಷೆ ಚರ್ಚು 1945ರ ಬಾಂಬ್ ದಾಳಿಯಲ್ಲಿ ಕುಸಿದು ದಶಕಗಳ ಕಾಲ ಕಲ್ಲಿನ ರಾಶಿಯಾಗಿಯೇ ಬಿದ್ದಿತ್ತು. 2005ರ ಹೊತ್ತಿಗೆ ಮೊದಲಿದ್ದಂತೆಯೇ ಎದ್ದು ನಿಂತಿತು. ಹೊಸ ಗೋಡೆಯ ನಡುವೆ ಹಳೇ ಕಪ್ಪು ಕಲ್ಲುಗಳು ಎದ್ದು ಕಾಣುತ್ತವೆ. ಊರಿಗೆ ಗುಮ್ಮಟವೇನೋ ವಾಪಸ್ ಸಿಕ್ಕಿತು, ಆದರೆ ಹೊಸ ಕಲ್ಲೂ ಕ್ರಮೇಣ ಕಪ್ಪಾದರೆ ಆ ಗುರುತು ಮಾಸುತ್ತದೆ ಅಲ್ವಾ?

ಬರ್ಲಿನ್‌ನ ನೋಯೆಸ್ ಮ್ಯೂಸಿಯಂನಲ್ಲಿ ವಾಸ್ತುಶಿಲ್ಪಿ ಡೇವಿಡ್ ಚಿಪ್ಪರ್‌ಫೀಲ್ಡ್ ಬೇರೆ ದಾರಿ ಹಿಡಿದರು. 2009ರಲ್ಲಿ ಮತ್ತೆ ತೆರೆದಾಗ ಗುಂಡೇಟಿನ ಗುರುತು, ಬಣ್ಣ ಉದುರಿದ ಗೋಡೆ ಹಾಗೇ ಇದ್ದವು. ಬಿದ್ದುಹೋದ ಭಾಗಕ್ಕೆ ಮಾತ್ರ ಹಳೇ ಇಟ್ಟಿಗೆ, ಸರಳ ಕಾಂಕ್ರೀಟು. ಸುಮ್ನೆ ಅಲಂಕಾರದ ನಕಲಿಲ್ಲ.

ನನ್ನ ಮತ ಇದಕ್ಕೇ. ಗೋಡೆಗಳೇ ಉಳಿದಿಲ್ಲ ಅಂದ್ರೆ ಡ್ರೆಸ್ಡನ್ ದಾರಿ, ಅದೂ ಹಳೇ ನಕ್ಷೆ, ಫೋಟೋ ಕೈಯಲ್ಲಿದ್ದರೆ.