454, 502 ಬೋಟ್ ಎಂಜಿನ್‌ಗೆ ಯಾವ ಹೆಡ್: ಓವಲ್ಲೋ ರೆಕ್ಟಾಂಗಲ್ಲೋ, ಬೀಡೋ ಅಲ್ಯೂಮಿನಿಯಮ್ಮೋ

ದೋಣಿಯ ಎಂಜಿನ್‌ಗೆ ಇಳಿಜಾರು ಎಂಬುದೇ ಇಲ್ಲ. ಕಾರು ಹೆದ್ದಾರಿಯಲ್ಲಿ ವೇಗ ಹಿಡಿದ ಮೇಲೆ ಕಾಲು ಸಡಿಲಿಸಬಹುದು. ನೀರಿನಲ್ಲಿ ಥ್ರಾಟಲ್ ಇಳಿಸಿದರೆ ಹಲ್ (ದೋಣಿಯ ಒಡಲು) ಕೂತುಬಿಡುತ್ತದೆ. ಗಂಟೆಗಟ್ಟಲೆ ಏರು ಹತ್ತುವ ಲಾರಿಯ ಕೆಲಸ ಅದರದು. ಹಾಗಾಗಿ ಡ್ರ್ಯಾಗ್ ರೇಸಿನ ನೇರ ಪಥದಲ್ಲಿ ಗೆದ್ದ ಹೆಡ್ ಫ್ಲಾರಿಡಾ ಕರಾವಳಿಯಲ್ಲೋ ಮಿಸೌರಿಯ ಲೇಕ್ ಆಫ್ ದಿ ಓಝಾರ್ಕ್ಸ್‌ನಲ್ಲೋ ಗೆಲ್ಲಲೇಬೇಕೆಂದಿಲ್ಲ.

ಇಲ್ಲಿ ಹೋಲಿಸುತ್ತಿರುವುದು ಶೆವ್ರೊಲೆಯ ದೊಡ್ಡ ವಿ8 ಎಂಜಿನ್ ಬಿಗ್ ಬ್ಲಾಕ್‌ಗೆ ಕೂರುವ ಹೆಡ್‌ಗಳನ್ನು, ಅಂದರೆ ಸಿಲಿಂಡರ್‌ಗಳ ಮೇಲೆ ಕೂತು ವಾಲ್ವ್‌ಗಳನ್ನೂ ಗಾಳಿ ಹೋಗುವ ಪೋರ್ಟ್‌ಗಳನ್ನೂ ಹೊತ್ತ ಮುಚ್ಚಳಗಳನ್ನು. ಓವಲ್, ರೆಕ್ಟಾಂಗಲ್ ಎಂಬುದು ಪೋರ್ಟ್‌ನ ಆಕಾರ; 454, 502 ಎಂಬುದು ಎಂಜಿನ್‌ನ ಗಾತ್ರ, ಘನ ಇಂಚಿನಲ್ಲಿ. 454ರ ಬೋರ್ (ಸಿಲಿಂಡರ್ ವ್ಯಾಸ) 4.25 ಇಂಚು, 502ರದ್ದು 4.466, ಎರಡಕ್ಕೂ ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 4 ಇಂಚು. ಫುಲ್ ಥ್ರಾಟಲ್‌ನಲ್ಲಿ ಇವು ತಿರುಗುವುದು ಸುಮಾರು 4,600ರಿಂದ 5,400 ಆರ್‌ಪಿಎಂ ನಡುವೆ. ಈ ಮಿತಿ ತಲೆಯಲ್ಲಿದ್ದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಸಣ್ಣ ಪೀನಟ್ ಪೋರ್ಟ್ ಹೆಡ್‌ಗಳನ್ನು ಬಿಟ್ಟುಬಿಡಿ. ಟ್ರಕ್‌ನ ತಗ್ಗಿನ ಆರ್‌ಪಿಎಂಗೆ ಮಾಡಿದವು, 4,000 ದಾಟಿದ ಮೇಲೆ ಉಸಿರು ಸಾಲದು.

ಬೀಡಿನ (ಎರಕದ ಕಬ್ಬಿಣದ) ಓವಲ್ ಹೆಡ್‌ಗಳಲ್ಲಿ 781 ಮತ್ತು 049 ಸಂಖ್ಯೆಯ ಎರಕಗಳು ನಂಬಿಕಸ್ತವು. ಇನ್‌ಟೇಕ್ ವಾಲ್ವ್ 2.06 ಇಂಚು, ಎಕ್ಸಾಸ್ಟ್ 1.72, ತೆರೆದ ಚೇಂಬರ್ (ಇಂಧನ ಉರಿಯುವ ಗುಳಿ) ಸುಮಾರು 118 ಸಿಸಿ. ಕಂಪನಿಯ ರೆಕ್ಟಾಂಗಲ್ ಹೆಡ್‌ನಲ್ಲಿ ಪೋರ್ಟ್ 315ರಿಂದ 325 ಸಿಸಿ, ವಾಲ್ವ್ 2.19 ಮತ್ತು 1.88. ಕಾಗದದ ಮೇಲೆ ರೆಕ್ಟಾಂಗಲ್ಲೇ ದೊಡ್ಡಣ್ಣ. ಅದೇ 454ಕ್ಕೆ, ಅದೇ ಪ್ರೊಪೆಲ್ಲರ್‌ನಲ್ಲಿ ಎರಡನ್ನೂ ಹಾಕಿ ಓಡಿಸಿದರೆ ವ್ಯತ್ಯಾಸ ಮೊದಲು ಗೊತ್ತಾಗುವುದು ಗರಿಷ್ಠ ವೇಗದಲ್ಲಲ್ಲ, ಪ್ಲೇನ್‌ಗೆ ಏರುವಾಗ, ಅಂದರೆ ದೋಣಿ ನೀರಿನ ಮೇಲ್ಮೈಗೆ ಎದ್ದು ಜಾರತೊಡಗುವಾಗ. ರೆಕ್ಟಾಂಗಲ್‌ನಲ್ಲಿ ಮೂತಿ ಮೇಲೆದ್ದು ಅಲ್ಲೇ ತೂಗುತ್ತದೆ, 2,500ರಿಂದ 3,500ರ ತನಕ ಎಂಜಿನ್ ಮಂಕಾಗಿರುತ್ತದೆ. ಅಗಲ ಪೋರ್ಟ್‌ನಲ್ಲಿ ಗಾಳಿ ನಿಧಾನ, ಕಾರ್ಬ್ಯುರೇಟರ್ ಇದ್ದರೆ ಪೆಟ್ರೋಲ್ ಗಾಳಿಯಿಂದ ಬಿಟ್ಟು ಗೋಡೆಗೆ ಅಂಟುತ್ತದೆ. ಮೇಲಾಗಿ 4.25 ಇಂಚಿನ ಬೋರ್‌ನಲ್ಲಿ 2.19ರ ವಾಲ್ವ್ ಸಿಲಿಂಡರ್ ಗೋಡೆಗೆ ಒತ್ತಿಕೊಂಡು ನಿಲ್ಲುವುದರಿಂದ ಆ ಬದಿಯಲ್ಲಿ ಗಾಳಿಗೆ ದಾರಿ ಕಿರಿದು. 502ರಲ್ಲಿ ಬೋರ್ ಅಗಲವಾದ್ದರಿಂದ ಈ ತೊಂದರೆ ಕಡಿಮೆ. 5,200ರ ಮೇಲೆ ತಿರುಗಿಸುವ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಮತ್ತು ಅದಕ್ಕೆ ತಕ್ಕ ಪ್ರೊಪೆಲ್ಲರ್ ಇದ್ದರೆ ರೆಕ್ಟಾಂಗಲ್‌ಗೆ ಅರ್ಥವಿದೆ. 454ಕ್ಕೆ ಇಲ್ಲ.

ಇವೆರಡರ ನಡುವೆ ಬರುವುದು ಹೊರಗಿನ ತಯಾರಕರ ಅಲ್ಯೂಮಿನಿಯಂ ಓವಲ್. ಎಡೆಲ್‌ಬ್ರಾಕ್ ಪರ್ಫಾರ್ಮರ್ ಆರ್‌ಪಿಎಂ ಓವಲ್‌ನ ಪೋರ್ಟ್ 290 ಸಿಸಿ, ಏರ್ ಫ್ಲೋ ರಿಸರ್ಚ್ (ಎಎಫ್‌ಆರ್) ಕಂಪನಿಯದ್ದು 265. ಮೇಲಿನ ತುದಿಯಲ್ಲಿ ಹಳೆಯ ಬೀಡಿನ ರೆಕ್ಟಾಂಗಲ್‌ಗೆ ಸಡ್ಡು ಹೊಡೆಯುತ್ತವೆ, ಕೆಳಗೆ ಓವಲ್‌ನಂತೆ ಎಳೆಯುತ್ತವೆ. 454ಕ್ಕೆ 265, ಸ್ವಲ್ಪ ಚುರುಕಾದ ಕ್ಯಾಮ್ ಇರುವ 502ಕ್ಕೆ 290 ಎಂಬುದು ನಮ್ಮ ಆಯ್ಕೆ. ಒಂದು ಜೋಡಿಯಲ್ಲಿ ಸುಮಾರು 30 ಕಿಲೋ ಭಾರವೂ ಇಳಿಯುತ್ತದೆ, ಅದೂ ದೋಣಿಯ ಹಿಂತುದಿಯಲ್ಲಿ, ಎತ್ತರದಲ್ಲಿ.

ಆದರೆ ಚೇಂಬರ್ ಲೆಕ್ಕ ಹಾಕದೆ ಯಾವ ಹೆಡ್ಡನ್ನೂ ಕೊಳ್ಳಬೇಡಿ. 502ರ ಒಂದು ಸಿಲಿಂಡರ್ 1,027 ಸಿಸಿ ಗುಡಿಸುತ್ತದೆ. ಫ್ಲಾಟ್ ಪಿಸ್ಟನ್‌ನ ವಾಲ್ವ್ ಗುಂಡಿ 3 ಸಿಸಿ, ಪಿಸ್ಟನ್ ಡೆಕ್‌ಗಿಂತ (ಬ್ಲಾಕ್‌ನ ಮೇಲ್ಮೈಗಿಂತ) 0.020 ಇಂಚು ಕೆಳಗಿದ್ದರೆ 5 ಸಿಸಿ, 0.039 ದಪ್ಪದ ಗ್ಯಾಸ್ಕೆಟ್ 10 ಸಿಸಿ. ಇದಕ್ಕೆ 118ರ ಚೇಂಬರ್ ಕೂಡಿದರೆ ಕಂಪ್ರೆಷನ್ ಅನುಪಾತ 8.55, 110ರದ್ದಾದರೆ 9.0, 100 ಸಿಸಿಯಾದರೆ 9.7. ಮರೀನಾದಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್‌ಗೆ ಬೀಡಿನಲ್ಲಿ 8.75ರ ಆಸುಪಾಸು, ಅಲ್ಯೂಮಿನಿಯಂನಲ್ಲಿ 9.25ರ ತನಕ ಹೋಗಬಹುದು. ಅದಕ್ಕಿಂತ ಮೇಲೆ ಹೋದರೆ ಕಾರಿನಲ್ಲಿ ಕಿವಿಗೆ ಬೀಳುವ ನಾಕಿಂಗ್ (ಇಂಧನ ಅಕಾಲದಲ್ಲಿ ಸಿಡಿಯುವ ಸದ್ದು) ಬೋಟಿನ ಗದ್ದಲದಲ್ಲಿ ಕೇಳುವುದಿಲ್ಲ; ಪಿಸ್ಟನ್ ಅಂಚು ಕರಗಿದ ಮೇಲಷ್ಟೇ ಗೊತ್ತಾಗುತ್ತದೆ. ತೆರೆದ ಚೇಂಬರ್‌ಗೆ ಮಾಡಿದ ಗುಮ್ಮಟದ ಪಿಸ್ಟನ್ ಮುಚ್ಚಿದ ಚೇಂಬರ್‌ಗೆ ಬಡಿಯುವ ಸಾಧ್ಯತೆಯೂ ಉಂಟು. ಪಿಸ್ಟನ್ ತಲೆಗೆ ಜೇಡಿಮಣ್ಣಿನ ಬಿಲ್ಲೆ ಮೆತ್ತಿ, ವಾಲ್ವ್‌ಗೆ ಎಣ್ಣೆ ಸವರಿ, ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ. ಹೆಡ್ ಎತ್ತಿ ಮಣ್ಣನ್ನು ಬ್ಲೇಡಿನಿಂದ ಸೀಳಿ, ಅತಿ ತೆಳುವಾದ ಜಾಗ ಅಳೆಯಿರಿ. ಇನ್‌ಟೇಕ್ ಕಡೆ 0.080, ಎಕ್ಸಾಸ್ಟ್ ಕಡೆ 0.100 ಇಂಚಿಗಿಂತ ಕಡಿಮೆ ಇದ್ದರೆ ಜೋಡಿಸಬೇಡಿ.

ಇನ್ನು ನೀರು. ಉಪ್ಪುನೀರನ್ನು ನೇರ ಎಂಜಿನ್‌ಗೆ ಎಳೆಯುವ ದೋಣಿಗೆ ಅಲ್ಯೂಮಿನಿಯಂ ಹೆಡ್ ಹಾಕಬಾರದು, ಇದರಲ್ಲಿ ರಾಜಿಯಿಲ್ಲ. ಗ್ಯಾಸ್ಕೆಟ್‌ನ ನೀರಿನ ತೂತಿನ ಸುತ್ತ ಲೋಹ ಮೊದಲು ಬಿಳಿ ಪುಡಿಯಾಗುತ್ತದೆ, ಆಮೇಲೆ ಹಳ್ಳ ಬೀಳುತ್ತದೆ, ಒಂದು ದಿನ ಆ ಹಳ್ಳ ಸಿಲಿಂಡರ್ ಅಂಚಿಗೆ ತಲುಪುತ್ತದೆ. ಹೀಟ್ ಎಕ್ಸ್‌ಚೇಂಜರ್ ಹಾಕಿ ಬ್ಲಾಕ್ ಮತ್ತು ಹೆಡ್‌ಗಳಿಗೆ ಮಾತ್ರ ಕೂಲೆಂಟ್ ಸುತ್ತುವಂತೆ ಮಾಡಿದರೂ ಸಾಕು. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳಿಗೆ ಹೊರಗಿನ ನೀರೇ ಹರಿಯಲಿ. ಅದಕ್ಕೆ ದುಡ್ಡಿಲ್ಲದಿದ್ದರೆ ಬೀಡಿನ ಓವಲ್ಲೇ ಸರಿಯಾದ ಹೆಡ್. ಬೀಡೂ ಒಳಗಿನಿಂದ ತುಕ್ಕು ಹಿಡಿದು ತೆಳುವಾಗುತ್ತದೆ. ಹಳೆಯ ಜೋಡಿ ಕೊಳ್ಳುವಾಗ ಎಕ್ಸಾಸ್ಟ್ ಸೀಟ್‌ಗಳ (ವಾಲ್ವ್ ಕೂರುವ ಅಂಚುಗಳ) ಬಳಿ ಮ್ಯಾಗ್ನಾಫ್ಲಕ್ಸ್ (ಕಾಂತದಿಂದ ಬಿರುಕು ಹುಡುಕುವ ಪರೀಕ್ಷೆ) ಮಾಡಿಸಿ, ನೀರಿನ ಒತ್ತಡ ಪರೀಕ್ಷೆಯನ್ನೂ ಮಾಡಿಸದೆ ಹಣ ಕೊಡಬೇಡಿ.

ಯಾವ ಹೆಡ್ ಆದರೂ ಪೋರ್ಟಿಗಿಂತ ಮೊದಲು ಎಕ್ಸಾಸ್ಟ್ ವಾಲ್ವ್‌ಗೆ ಖರ್ಚು ಮಾಡಿ ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ನಿರಂತರ ಭಾರದಲ್ಲಿ ಅದರ ಬಿಸಿ ಇಳಿಯುವ ಮುಖ್ಯ ದಾರಿ ಸೀಟ್. ರೇಸ್ ಅಂಗಡಿಯವರು ಗಾಳಿಯ ಹರಿವಿಗೆಂದು ಸೀಟನ್ನು ಕಿರಿದು ಮಾಡುತ್ತಾರೆ. ದೋಣಿಗೆ ಎಕ್ಸಾಸ್ಟ್ ಸೀಟ್ 0.080ರಿಂದ 0.100 ಇಂಚು ಅಗಲ ಇರಲಿ, ಇನ್‌ಟೇಕ್ 0.060 ಸಾಕು. ವಾಲ್ವ್ ಇಂಕೊನೆಲ್ (ಬಿಸಿ ತಾಳುವ ನಿಕಲ್ ಮಿಶ್ರಲೋಹ) ಆದರೆ ನಿಶ್ಚಿಂತೆ. ಗೈಡ್ (ವಾಲ್ವ್ ಕಾಂಡ ಜಾರುವ ಕೊಳವೆ) ಕಂಚಿನದ್ದಿರಲಿ, ಎಕ್ಸಾಸ್ಟ್ ಸಡಿಲ 0.002 ಇಂಚಿಗಿಂತ ಬಿಗಿ ಬೇಡ. ಬಿಗಿಯಾದರೆ ಕಾದ ಕಾಂಡ ಗೈಡ್‌ನಲ್ಲಿ ಸಿಕ್ಕಿ ಪುಷ್‌ರಾಡ್ ಬಾಗುತ್ತದೆ.

ಜೋಡಣೆಯಲ್ಲಿ ಕೆಡುವುದು ಹೆಚ್ಚಾಗಿ ಸಣ್ಣ ವಿಷಯಗಳಿಂದ. ಬಿಗ್ ಬ್ಲಾಕ್‌ನ ಹೆಡ್ ಬೋಲ್ಟ್ ತೂತುಗಳು ನೀರಿನ ಜಾಕೆಟ್‌ಗೆ ಇಳಿಯುತ್ತವೆ. ಬೋಲ್ಟ್‌ನ ತಿರುಪಿನ ಎಳೆಗೆ ಸೀಲರ್ ಹಚ್ಚದಿದ್ದರೆ ನೀರು ಏರಿ ಆಯಿಲ್ ಹಾಲಿನಂತಾಗುತ್ತದೆ. ಹಳೆಯ ತಲೆಮಾರಿನ ಮಾರ್ಕ್ 4 ಬ್ಲಾಕ್‌ನಲ್ಲಿ ಬೀಡಿನ ಹೆಡ್‌ಗೆ 80 ಪೌಂಡ್-ಅಡಿ, ಅಲ್ಯೂಮಿನಿಯಂಗೆ ಉದ್ದ ಬೋಲ್ಟ್ 75, ಗಿಡ್ಡ ಬೋಲ್ಟ್ 65, ಕೆಳಗೆ ಗಟ್ಟಿ ವಾಷರ್ ಕಡ್ಡಾಯ. ಮೂರು ಸುತ್ತಿನಲ್ಲಿ, ನಡುವಿನಿಂದ ಹೊರಗೆ. 1991ರಿಂದ ಬಂದ ಜೆನ್ 5, ಜೆನ್ 6 ಬ್ಲಾಕ್‌ಗಳ ನೀರಿನ ತೂತು ಬೇರೆ. ಮಾರ್ಕ್ 4 ಹೆಡ್ ಅದಕ್ಕೆ ಹಾಕುವುದಾದರೆ ಆ ಜೋಡಣೆಗೆಂದೇ ಮಾಡಿದ ಗ್ಯಾಸ್ಕೆಟ್ ಬೇಕು, ಇಲ್ಲದಿದ್ದರೆ ನೀರು ಲಿಫ್ಟರ್ ಕಣಿವೆಗೆ (ಬ್ಲಾಕ್‌ನ ನಡುವಿನ ತಗ್ಗಿಗೆ) ಸೋರುತ್ತದೆ. ಗ್ಯಾಸ್ಕೆಟ್‌ನ ಉಂಗುರ ಸ್ಟೇನ್‌ಲೆಸ್ ಆಗಿರಲಿ. ಪ್ಲಗ್‌ನ ಎಳೆ ಉದ್ದವೂ ಬೇರೆ: ಎಡೆಲ್‌ಬ್ರಾಕ್ ಹೆಡ್ ಮುಕ್ಕಾಲು ಇಂಚಿನದ್ದು ಕೇಳುತ್ತದೆ. ಓವಲ್ ಹೆಡ್ ಮೇಲೆ ರೆಕ್ಟಾಂಗಲ್ ಇನ್‌ಟೇಕ್ ಮ್ಯಾನಿಫೋಲ್ಡ್ ಕೂರಿಸಲು ಹೋಗಬೇಡಿ. ಹರಿವಿಗೆ ಎದುರು ಮೆಟ್ಟಿಲು ನಿಲ್ಲುತ್ತದೆ, ಗ್ಯಾಸ್ಕೆಟ್‌ಗೆ ಅಂಚೂ ಸಾಲದು.

ದೊಡ್ಡ ಹೆಡ್ ಕೊಂಡವರು ದೊಡ್ಡ ಕ್ಯಾಮ್ ಹಾಕುವುದು ವಾಡಿಕೆ, ಅಲ್ಲೇ ಇನ್ನೊಂದು ಅಪಾಯ. ನೀರು ಬೆರೆಯುವ ಎಕ್ಸಾಸ್ಟ್‌ನಲ್ಲಿ ವಾಲ್ವ್ ಓವರ್‌ಲ್ಯಾಪ್ (ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು) ಹೆಚ್ಚಾದರೆ ಐಡಲ್‌ನಲ್ಲಿ ತೇವ ಹಿಂದಕ್ಕೆ ಎಳೆಯಲ್ಪಡುತ್ತದೆ. 0.050 ಇಂಚು ಎತ್ತಿದಲ್ಲಿ ಅಳೆದ ಕ್ಯಾಮ್ ಅವಧಿ 230 ಡಿಗ್ರಿ ದಾಟುತ್ತಿದ್ದಂತೆ ಎಚ್ಚರ ಬೇಕು, ಇನ್‌ಟೇಕ್, ಎಕ್ಸಾಸ್ಟ್ ಲೋಬ್‌ಗಳ (ಕ್ಯಾಮ್‌ನ ಉಬ್ಬುಗಳ) ಅಂತರ 112ರಿಂದ 114 ಡಿಗ್ರಿ ಇರಲಿ. ಹೊಸ ಹೆಡ್ ಹಾಕಿ ಹತ್ತು ಗಂಟೆ ಓಡಿದ ಮೇಲೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚಿ ಪೋರ್ಟ್ ಒಳಗೆ ಟಾರ್ಚ್ ಹಾಕಿ ನೋಡಿ. ವಾಲ್ವ್‌ನ ಬೆನ್ನು ಒಣ ಬೂದು ಬಣ್ಣದ್ದಿದ್ದರೆ ಸರಿ. ಕಿತ್ತಳೆ ತುಕ್ಕು ಬೆರಳಿಗೆ ಅಂಟಿದರೆ ನೀರು ಒಳಗೆ ಬರುತ್ತಿದೆ. ಮೊದಲು ರೈಸರ್ (ಮ್ಯಾನಿಫೋಲ್ಡ್ ಮೇಲಿನ ಎಕ್ಸಾಸ್ಟ್ ಕೊಳವೆ) ಮತ್ತು ಅದರ ಗ್ಯಾಸ್ಕೆಟ್ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಅವು ಸರಿಯಿದ್ದರೆ ರೈಸರ್ ಎತ್ತರಿಸಿ ಇಲ್ಲವೇ ಕ್ಯಾಮ್ ಇಳಿಸಿ, ಅಲ್ಲಿಯವರೆಗೆ ದೋಣಿ ನೀರಿಗಿಳಿಸಬೇಡಿ.