ಹುಲ್ಲಿನ ಬೇರುಗಂಟಿಗೆ ಲಿಲಾಸಿನಂ ಪುಡಿ: ಮೂರು ವರ್ಷ ಬಳಸಿದ ಮೇಲೆ

ಮಲ್ಪೆ ಹತ್ತಿರದ ರೆಸಾರ್ಟೊಂದರಲ್ಲಿ ಗಾಲ್ಫ್ ಆಡುವ ಚಿಕ್ಕ ಪಟಿಂಗ್ ಗ್ರೀನ್ (ಚೆಂಡನ್ನು ಗುಳಿಗೆ ಉರುಳಿಸುವ, ತೀರಾ ಗಿಡ್ಡಗೆ ಕತ್ತರಿಸಿದ ಹುಲ್ಲಿನ ಅಂಗಳ) ನೋಡಿಕೊಳ್ಳುವ ಕೆಲಸ ನನ್ನದು. ನೆಲ ಪೂರಾ ಹೊಯ್ಗೆ. ಹುಲ್ಲು ಬರ್ಮುಡಾ, ಅಂದರೆ ಗಣಪತಿಗೆ ಏರಿಸುವ ನಮ್ಮ ಗರಿಕೆಯದೇ ಸಂಕರ ತಳಿ.

ಒಂದು ಫೆಬ್ರವರಿಯಲ್ಲಿ ಅಲ್ಲಲ್ಲಿ ತಟ್ಟೆಯಗಲ ಹಳದಿ ಬಿತ್ತು. ನೀರು ಹೆಚ್ಚಿಸಿದೆ, ಯೂರಿಯಾ ಕೊಟ್ಟೆ. ಮಧ್ಯಾಹ್ನವಾದರೆ ಮತ್ತೆ ಬಾಡುತ್ತಿತ್ತು. ಕೊನೆಗೆ ಹಳದಿಯ ಅಂಚಿನಿಂದ ಒಂದು ಹೆಂಟೆ ಎತ್ತಿ ಬಕೆಟ್ ನೀರಲ್ಲಿ ಅಲುಗಾಡಿಸಿದೆ. ಹಸಿರಿದ್ದ ಕಡೆ ನಾಲ್ಕು ಬೆರಳುದ್ದ ಬಿಳಿ ಬೇರು. ಇಲ್ಲಿ ಬೆರಳಿನ ಒಂದು ಗೆಣ್ಣಿನಷ್ಟೇ, ಕಂದು ಬಣ್ಣ, ಮೊಂಡು ತುದಿ, ನಡುನಡುವೆ ಸಾಸಿವೆಗಿಂತ ಸಣ್ಣ ಗಂಟು. ಲ್ಯಾಬ್‌ನವರು ಬೇರುಗಂಟು ಜಂತುಹುಳು (ನೆಮಟೋಡ್) ಎಂದರು, ಅಂದರೆ ಮಣ್ಣಿನಲ್ಲಿದ್ದು ಬೇರಿನೊಳಗೆ ಹೊಕ್ಕು ಗಂಟು ಕಟ್ಟಿಸುವ ಅತಿ ಸಣ್ಣ ಹುಳು.

ಮೊದಲಾದರೆ ಇದಕ್ಕೆ ತಿಮೆಟ್ ಎಂಬ ಕೀಟನಾಶಕ ಎರಚುತ್ತಿದ್ದರು. ಅದರಲ್ಲಿರುವ ಫೋರೇಟ್ 2020ರ ಕೊನೆಗೆ ನಿಷೇಧವಾಯಿತು. ಮಕ್ಕಳು ಬರಿಗಾಲಲ್ಲಿ ಓಡಾಡುವ ಜಾಗಕ್ಕೆ ಅಂಥ ವಿಷ ಬೇಡವೇ ಬೇಡ. ಹಾಗಾಗಿ ಈ ಪುಡಿ ತಂದೆ. ಇದರಲ್ಲಿರುವುದು ಪರ್ಪ್ಯುರಿಯೊಸಿಲಿಯಂ ಲಿಲಾಸಿನಂ ಎಂಬ ಶಿಲೀಂಧ್ರ, ಅಂದರೆ ಒಂದು ಬಗೆಯ ಬೂಸು; ನನಗೆ ಸಿಕ್ಕ ಪ್ಯಾಕೆಟ್ ಮೇಲೆ ಪೆಸಿಲೊಮೈಸಿಸ್ ಎಂಬ ಹಳೆ ಹೆಸರೇ ಇತ್ತು. ಈ ಬೂಸು ಮುಖ್ಯವಾಗಿ ಜಂತುವಿನ ಮೊಟ್ಟೆಗಳನ್ನು ಹೊಕ್ಕು ತಿನ್ನುತ್ತದೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ, ನಮ್ಮ ಸೆಕೆಗೆ ಹೆಚ್ಚುಕಡಿಮೆ ತಿಂಗಳಿಗೊಂದು ತಲೆಮಾರು. ಹಾಗಿರುವಾಗ ವಾರದಲ್ಲಿ ಹಸಿರಾಗುತ್ತದೆ ಎಂಬ ಅಂಗಡಿಯ ಮಾತು ನಂಬಬೇಡಿ.

ಮೊದಲ ವರ್ಷದ ದುಡ್ಡು ನೀರಿಗೆ ಹೋಯಿತು. ಜುಲೈಯ ಜಡಿಮಳೆಯಲ್ಲಿ ಹಾಕಿದ್ದೆ, ಅದೇ ವಾರ ಎಲೆಚುಕ್ಕೆ ರೋಗಕ್ಕೆ ಕಾರ್ಬೆಂಡಜಿಂ ಹೊಡೆದೆ. ರೋಗದ ಬೂಸನ್ನು ಕೊಲ್ಲುವ ಔಷಧಿ ನಾವು ಹಾಕಿದ ಬೂಸನ್ನು ಬಿಟ್ಟೀತೇ?

ಈಗ ಮಳೆ ಬಿಟ್ಟ ಮೇಲೆ, ಅಕ್ಟೋಬರಿನಲ್ಲಿ ಶುರು. ಬೇವಿನ ಹಿಂಡಿಯನ್ನು ಜರಡಿ ಹಿಡಿದು, ಪುಡಿ ಬೆರೆಸಿ, ನೀರು ಚಿಮುಕಿಸಿ, ಒದ್ದೆ ಗೋಣಿ ಮುಚ್ಚಿ ನೆರಳಲ್ಲಿ ಎರಡು ವಾರ ಇಡುತ್ತೇನೆ. ಗೋಣಿ ತೆಗೆದಾಗ ಮೇಲೆ ನಸು ನೇರಳೆ ಬೂಸು ಕಂಡರೆ ಅವತ್ತು ನನಗೆ ಸಮಾಧಾನ. ಗ್ರೀನಿಗೆ ತೂತು ಹೊಡೆದು, ಬಿಸಿಲು ಇಳಿದ ಮೇಲೆ ಹೊಯ್ಗೆ ಜೊತೆ ಇದನ್ನು ಗುಡಿಸಿ ತುಂಬಿಸಿ ನೀರು ಬಿಡುತ್ತೇನೆ. ಜನವರಿಯಲ್ಲಿ ಇನ್ನೊಮ್ಮೆ.

ಈ ಮಾರ್ಚಿನಲ್ಲಿ ಅದೇ ಹಳದಿ ಜಾಗದ ಬೇರು ಮೂರು ಬೆರಳುದ್ದ ಇಳಿದಿತ್ತು. ಜಂತು ಪೂರ್ತಿ ಹೋಗಿಲ್ಲ, ಲೆಕ್ಕ ಕಡಿಮೆಯಾಗಿದೆ. ಹುಲ್ಲು ಕತ್ತರಿಸುವ ಎತ್ತರವನ್ನೂ 4 ಮಿಲಿಮೀಟರಿನಿಂದ 6ಕ್ಕೆ ಏರಿಸಿದ್ದೆ, ಹಾಗಾಗಿ ಎಲ್ಲ ಶ್ರೇಯ ಪುಡಿಗೇ ಕೊಡಲಾರೆ. ಐದರಲ್ಲಿ ನಾಲ್ಕು ಕೊಡುತ್ತೇನೆ.

ಕಳೆದುಕೊಂಡ ಒಂದು ಅಂಕ ಪ್ಯಾಕೆಟ್ಟಿನದು. ಒಳಗಿರುವುದು ಜೀವ, ತಗಡಿನ ಮಾಡಿನ ಕೆಳಗೆ ತಿಂಗಳುಗಟ್ಟಲೆ ಬೆಂದರೆ ಉಳಿಯುವುದು ಬರೀ ಪುಡಿ. ಒಮ್ಮೆ ಅವಧಿ ಮುಗಿದದ್ದನ್ನೇ ನನಗೆ ಕಟ್ಟಿಕೊಟ್ಟಿದ್ದರು. ತಯಾರಾದ ತಾರೀಕು ನೋಡಿಯೇ ದುಡ್ಡು ಕೊಡಿ.