ಮಂಗಳೂರು ಪೇಟೆಯ ಒಂದು ಬ್ಯಾಂಕು, ನಮ್ಮ ಸ್ಯಾಲರಿ ಅಕೌಂಟು: 3 ಸ್ಟಾರ್
ಹೆಸ್ರು ಬೇಡ, ಗೊತ್ತಿರುವವರಿಗೆ ಗೊತ್ತಾಗ್ತದೆ. ಸರ್ಕಾರಿ ಶಾಲೆಯವರು ಸ್ಯಾಲರಿ ಅಕೌಂಟಿಗೆ ಈ ಬ್ರಾಂಚ್ ಹೇಗುಂಟು ಅಂತ ಕೇಳ್ತಾ ಇರ್ತಾರೆ, ಅದಕ್ಕೆ ಬರೀತಾ ಇದ್ದೇನೆ.

ದುಡ್ಡು ಜಮಾ ಮಾಡುದರಲ್ಲಿ ತಕರಾರಿಲ್ಲ. ಎಚ್‌ಆರ್‌ಎಂಎಸ್‌ನಲ್ಲಿ (ಸಂಬಳದ ಬಿಲ್ ಮಾಡುವ ಸರ್ಕಾರಿ ಸಾಫ್ಟ್‌ವೇರ್) ಬಿಲ್ ರೆಡಿಯಾಗಿ ಡಿಡಿಒ, ಅಂದ್ರೆ ಬಿಲ್ಲಿಗೆ ಸಹಿ ಹಾಕುವ ಅಧಿಕಾರಿ, ಕಳಿಸಿ ಖಜಾನೆ-2ರಲ್ಲಿ (ಸರ್ಕಾರಿ ಖಜಾನೆಯ ಆನ್‌ಲೈನ್ ವ್ಯವಸ್ಥೆ) ಪಾಸಾದ್ರೆ ಆಯ್ತು, ಮೊಬೈಲಿಗೆ ಮೆಸೇಜ್ ಬಂತು ಅಂತ್ಲೇ ಲೆಕ್ಕ.

ರಗಳೆ ಇರುದು ಸಂಬಳವೇ ತಡ ಆದಾಗ. ನಮ್ಮಲ್ಲಿ ಕೆಲವರದ್ದು ಯೋಜನೆಯ ಲೆಕ್ಕ ಶೀರ್ಷಿಕೆಯಿಂದ, ಅಂದ್ರೆ ಒಂದು ಯೋಜನೆಗೆ ಅಂತ ಬೇರೆ ಇಟ್ಟ ಹಣದಿಂದ, ಬರುವ ಸಂಬಳ, ಅನುದಾನ ಬಿಡುಗಡೆ ಆಗದೆ ಬಿಲ್ಲೇ ಮಾಡ್ಲಿಕ್ಕಾಗುದಿಲ್ಲ, ಸ್ಟಾಫ್ ರೂಮಲ್ಲಿ ಪಕ್ಕದ ಕುರ್ಚಿಯವರಿಗೆ ಬಂದಿರ್ತದೆ ನಮಗೆ ಇಲ್ಲ, ಆದ್ರೆ ಹೋಮ್ ಲೋನ್ ಇಎಂಐ ಮಾತ್ರ 5ನೇ ತಾರೀಕಿಗೆ ಕರೆಕ್ಟಾಗಿ ಬಾಗಿಲು ತಟ್ತದೆ, ಬ್ಯಾಲೆನ್ಸ್ ಇಲ್ದಿದ್ರೆ ಬೌನ್ಸ್ ಚಾರ್ಜು, ಅದ್ರ ಮೇಲೆ ಜಿಎಸ್‌ಟಿ ಬೇರೆ. ಕೌಂಟರಲ್ಲಿ ಕೇಳಿದ್ರೆ "ಸಿಸ್ಟಮ್ಮೇ ಕಟ್ ಮಾಡುದು ಸರ್, ನಾವೆಂತ ಮಾಡುದು?" ಅಂತಾರೆ. ಅಲ್ಲ ಮಾರಾಯ್ರೆ, ಸರ್ಕಾರಿ ನೌಕರರಿಗೆ ಸ್ಪೆಷಲ್ ಅಂತ ಬಾಗಿಲಲ್ಲೇ ಬ್ಯಾನರ್ ಕಟ್ಟಿದ್ದು ಯಾರು?

ಲೋನ್ ಸೆಕ್ಷನ್ನಿನ ಮೇಡಂ ಮಾತ್ರ ಚಿನ್ನದಂಥವರು. ಅರ್ಜಿ ಬರೆಸಿ ಇಎಂಐ ತಾರೀಕು 10ಕ್ಕೆ ಹಾಕಿಸಿ ಕೊಟ್ರು, ಮೂರನೇ ಸ್ಟಾರ್ ಅವರದ್ದೇ. ನೀವೂ ಅದನ್ನೇ ಕೇಳಿ, ಅದ್ರಲ್ಲೂ ಏಪ್ರಿಲ್ ಬರುವ ಮೊದ್ಲೇ, ಮಾರ್ಚ್ ಸಂಬಳ ಹೇಗೂ ಏಪ್ರಿಲಲ್ಲಿ, ಹೊಸ ಹಣಕಾಸು ವರ್ಷದಲ್ಲೇ ಬರುದಲ್ಲ.

ಪಾಸ್‌ಬುಕ್ ಮೆಷಿನ್ ಯಾವಾಗ್ಲೂ ಹಾಳು. ಪಾರ್ಕಿಂಗ್ ಇಲ್ಲ, ಬಸ್ಸಲ್ಲೇ ಹೋಗಿ.